ಬೇಡ ಎಂದವರ ಪಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವರು ಹೇಳುತ್ತಾರೆ. ಇರಲಿ ಬಿಡಿ, ಮೂಗು ನನ್ನದು, ಸಿಟ್ಟೂ ನನ್ನದು. ಆದರೆ ಇದನ್ನು ಹೇಳುವಾಗ ಮಾತ್ರ ಆದಷ್ಟು ತಣ್ಣಗಿರಲು ನೋಡುತ್ತೇನೆ. ಕೂಗಾಡಲು ಶುರುಮಾಡಿದರೆ ಮಾತು ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ, ಆಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ.

ಪುಟ್ಟಿ ನನ್ನ ತಂಗಿ. ಅಮ್ಮ ಹೋದಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿ, ಮೂಗು ಒರೆಸಿ, ಬಾಯಿಗೆ ತುತ್ತಿಟ್ಟು ಬೆಳೆಸಿದವಳು ನಾನು. ದೊಡ್ಡವಳಾಗಿ ಶಿಶುವಿಹಾರದಲ್ಲಿ ಟೀಚರ್ ಆದಳು. ಹಾಡು ಹೇಳಿಕೊಡುವುದು, ಬಣ್ಣದ ಕಾಗದ ಕತ್ತರಿಸುವುದು, ಅಳುವ ಮಕ್ಕಳನ್ನು ಎತ್ತಿಕೊಂಡು ಕಿಟಕಿಯಾಚೆಯ ಬಸ್ಸು ತೋರಿಸುವುದು, ಇದೇ ಅವಳ ಕೆಲಸ. ಅಂಥವಳು ಒಂದು ದಿನ ಊಟ ಬಿಡಲು ಶುರುಮಾಡಿದಳು. ಮೊದಲು ಒಂದು ಹೊತ್ತು, ಆಮೇಲೆ ಎರಡು ಹೊತ್ತು. ಕನ್ನಡಿಯಲ್ಲಿ ಅವಳಿಗೆ ಯಾರು ಕಾಣುತ್ತಿದ್ದರೋ ದೇವರೇ ಬಲ್ಲ. ನಮಗೆ ಕಡ್ಡಿಯಂಥ ಹುಡುಗಿ ಕಂಡರೆ ಅವಳಿಗೆ ಅಲ್ಲಿ ಹೆಮ್ಮರ ಕಾಣುತ್ತಿತ್ತು. "ತಿನ್ನದೇ ಇರೋದೂ ಒಂದು ಕಾಯಿಲೆನಾ? ಎರಡು ಏಟು ಬಿಟ್ರೆ ತಾನಾಗೇ ತಿಂತಾಳೆ" ಎಂದು ಉಪದೇಶ ಮಾಡಿದವರಿಗೆ ಲೆಕ್ಕವಿಲ್ಲ. ಊರ ಉಸಾಬರಿಯ ಜನ, ಅವರ ಬಾಯಿಗಿಷ್ಟು ಬೆಂಕಿ ಬೀಳ.

ಕೊನೆಗೆ ಆಸ್ಪತ್ರೆ ಸೇರಿದ ಅವಳನ್ನು ಅಲ್ಲಿಂದ ನೇರ ನಮ್ಮ ಮನೆಗೆ ಕರೆತಂದೆ. ಡಾಕ್ಟರಮ್ಮ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದ್ದರು. "ಹೃದಯ ತುಂಬಾ ಸೋತಿದೆ. ಇನ್ನೊಂದು ಸಲ ಹೀಗೇ ಊಟ ಬಿಟ್ರೆ ಅದು ತಡ್ಕೊಳ್ಳಲ್ಲ. ಔಷಧಿ ನಾವು ಕೊಡ್ತೀವಿ. ನೀವು ಮಾಡಬೇಕಾದ್ದು ಒಂದೇ. ದಪ್ಪ, ಸಣ್ಣ, ತೂಕ, ಸೊಂಟ, ಈ ಮಾತುಗಳು ಅವಳ ಕಿವಿಗೆ ಬೀಳಬಾರದು."

ಹೇಳುವುದೇನೋ ಸುಲಭ. ನನ್ನ ಹೊಟ್ಟೆಪಾಡೇ ಆ ಮಾತುಗಳಲ್ಲಿದೆ. ಮನೆಯ ಕೆಳಗೆ ನನ್ನದೊಂದು ಪುಟ್ಟ ಅಂಗಡಿ, ಸಿದ್ಧ ಉಡುಪುಗಳನ್ನು ಮೈಗೆ ತಕ್ಕಂತೆ ಸರಿಮಾಡಿಕೊಡುವುದು. ಒಬ್ಬರಿಗೆ ಸೊಂಟ ಹಿಡಿಸಬೇಕು, ಇನ್ನೊಬ್ಬರಿಗೆ ಬಿಡಿಸಬೇಕು. ಬಂದವರೆಲ್ಲ ಕನ್ನಡಿ ಮುಂದೆ ನಿಂತು "ಅಯ್ಯೋ, ಎಷ್ಟು ಊದಿದ್ದೀನಿ ನೋಡಿ" ಎಂದೇ ಮಾತು ಶುರುಮಾಡುವುದು. ಅಂದೇ ಆ ಆಳೆತ್ತರದ ಕನ್ನಡಿಯನ್ನು ಪರದೆಯ ಹಿಂದಕ್ಕೆ ತಳ್ಳಿದೆ. ಬಂದವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಹಳೇ ಗಿರಾಕಿಯೊಬ್ಬಳು ಮುನಿಸಿಕೊಂಡು ಬೇರೆ ಅಂಗಡಿಗೆ ಹೋದಳು. ಹೋಗಲಿ, ಅವಳ ಜಿಪ್ಪು ಎಲ್ಲಾದರೂ ಹರಿದುಕೊಳ್ಳಲಿ ಎಂದು ಸುಮ್ಮನಾದೆ.

ಇಷ್ಟೆಲ್ಲ ಬಾಗಿಲು ಹಾಕಿದ ಮೇಲೂ ಆ ಮಾತು ಕಂಪ್ಯೂಟರಿನಿಂದ ಒಳಗೆ ಬಂತು.

ಪುಟ್ಟಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಕ್ಕಳಿಗೆ ಕಾಗದದ ಆನೆ ಮಾಡುವುದು ಹೇಗೆಂದು ನೋಡುತ್ತಿದ್ದಳು. ಅವಳ ಮುಂದೆ ಅನ್ನ ಹಾಲು ಇಟ್ಟಿದ್ದೆ. ಎರಡು ಚಮಚ ತಿಂದಿದ್ದವಳು ಹಾಗೇ ಚಮಚ ಕೆಳಗಿಟ್ಟಳು. ನಾನು ಬಗ್ಗಿ ನೋಡಿದೆ. ಆನೆಯ ಪಕ್ಕದಲ್ಲೇ ಒಬ್ಬ ಹೆಂಗಸು ನಿಂತಿದ್ದಾಳೆ, ಇಬ್ಬರು ಹಿಡಿಯುವಷ್ಟು ಅಗಲದ ಪ್ಯಾಂಟು ಹಾಕಿಕೊಂಡು, ಸೊಂಟದ ಹತ್ತಿರ ಅದನ್ನು ಮುಂದಕ್ಕೆ ಎಳೆದು ಹಿಡಿದು ಹಲ್ಲು ಕಿರಿಯುತ್ತಿದ್ದಾಳೆ. ತೂಕ ಇಳಿಸುವ ಪುಡಿಯ ಜಾಹೀರಾತು. ಪುಟ್ಟಿ ಬೇರೆ ಪುಟಕ್ಕೆ ಹೋದಳು. ಅಲ್ಲೂ ಅವಳೇ. ಹವಾಮಾನ ನೋಡಿದಳು. ಮೋಡದ ಚಿತ್ರದ ಕೆಳಗೂ ಅದೇ ಹಲ್ಲು.

"ಆ ಪ್ಯಾಂಟು ಅವಳದ್ದೇ ಅಲ್ಲ ಕಣೇ," ಅಂದೆ. "ಪಕ್ಕದಲ್ಲಿ ಬೇರೆ ಬಟ್ಟೆ ಕೊಟ್ಟು ಅಗಲ ಮಾಡಿದ್ದಾರೆ. ಹೊಲಿಗೆ ನೋಡು, ಡೊಂಕು ಡೊಂಕು. ನಾನಾಗಿದ್ರೆ ಇನ್ನೂ ನೀಟಾಗಿ ಸುಳ್ಳು ಹೊಲೀತಿದ್ದೆ."

ಪುಟ್ಟಿ ನಕ್ಕಳು. ಆದರೆ ಚಮಚ ಮತ್ತೆ ಎತ್ತಲಿಲ್ಲ.

ಸಂಜೆ ನಮ್ಮವರು ಬಂದ ಕೂಡಲೇ ಹಿಡಿದೆ. ಅವರು ಜಾಹೀರಾತು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವರು. ಏನು ಕೆಲಸ ಎಂದು ನಾನು ಅಲ್ಲಿಯವರೆಗೆ ಕೇಳಿದವಳೂ ಅಲ್ಲ, ಅವರು ಹೇಳಿದವರೂ ಅಲ್ಲ.

"ರೀ, ಆ ಹೆಂಗಸಿಗೆ ನಮ್ಮ ಪುಟ್ಟಿ ಹೇಗೆ ಗೊತ್ತು? ಹೋದಲ್ಲೆಲ್ಲ ಹಿಂದೇನೇ ಬರ್ತಾಳಲ್ಲ?"

ಅವರು ಶೂ ಬಿಚ್ಚುತ್ತಲೇ ಹೇಳಿದರು. "ಕಾಯಿಲೆ ಜೋರಾಗಿದ್ದಾಗ ಅವಳು ಅಂಥ ಸೈಟುಗಳನ್ನ ನೋಡಿರ್ತಾಳೆ. ಅದಕ್ಕೇ. ಕುಕಿ ಅಂತಾರೆ. ನೋಡು, ನೀನೊಂದು ಅಂಗಡಿಗೆ ಹೋಗ್ತೀಯ. ಅಂಗಡಿಯವನು ಗುರುತಿಗೆ ಅಂತ ಒಂದು ಚೀಟಿ ಕೊಡ್ತಾನೆ. ಮತ್ತೆ ಹೋದಾಗ, ಓ ಇವರಾ, ಬನ್ನಿ ಅಂತಾನೆ. ಅದು ತಪ್ಪಲ್ಲ. ಆದ್ರೆ ಅದೇ ಅಂಗಡಿ ಮೂಲೇಲಿ ಇನ್ನೊಬ್ಬ ಕೂತಿರ್ತಾನೆ. ಅವನು ನಿನಗೆ ಕಾಣಲ್ಲ. ಅವನೂ ನಿನ್ನ ಬೆನ್ನಿಗೆ ಒಂದು ಚೀಟಿ ಅಂಟಿಸ್ತಾನೆ. ಅವನು ಎಲ್ಲಾ ಅಂಗಡೀಲೂ ಕೂತಿರ್ತಾನೆ. ನೀನು ತರಕಾರಿ ತಗೋ, ಪುಸ್ತಕ ತಗೋ, ಅವನು ಚೀಟಿ ನೋಡಿ ಗುರುತು ಹಿಡೀತಾನೆ."

"ಥೂ! ಯಾರದು ಆ ಮೂಲೇಲಿ ಕೂತಿರೋ ದರಿದ್ರದವನು?"

ಅವರು ಇನ್ನೊಂದು ಶೂ ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡರು. "ನಾವೇ," ಅಂದರು.

ಆ ರಾತ್ರಿ ಮನೆಯಲ್ಲಿ ರಾಮಾಯಣವೇ ಆಯಿತು. ಪುಡಿ ಮಾರುವವರೂ ಇವರ ಕಂಪನಿಯ ಗಿರಾಕಿಗಳೇ ಅಂತೆ. ಹೆಂಡತಿ ಒಂದು ಕೈಯಲ್ಲಿ ತಂಗಿಗೆ ತಿನ್ನಿಸುವುದು, ಗಂಡ ಇನ್ನೊಂದು ಕೈಯಲ್ಲಿ ತಿನ್ನಬೇಡ ಅನ್ನುವುದು, ಚೆನ್ನಾಗಿದೆ ಸಂಸಾರ ಎಂದು ಕೂಗಿದೆ. ಪಾಪ, ಅವರು ಕೂಗಲಿಲ್ಲ. "ಅದು ಪುಟ್ಟಿ ಅಂತ ನಮಗೆ ಗೊತ್ತಿರಲ್ಲ ಕಣೇ. ನಮ್ಮ ಮಟ್ಟಿಗೆ ಅವಳೊಂದು ನಂಬರು ಅಷ್ಟೇ. ಹೆಸರಿಲ್ಲ, ಮುಖ ಇಲ್ಲ" ಎಂದು ಮೆಲ್ಲಗೆ ಹೇಳಿದರು.

ಅವರು ಅವಳ ಲ್ಯಾಪ್‌ಟಾಪಿನಿಂದ, ಫೋನಿನಿಂದ ಎಲ್ಲ ಕುಕಿ ಅಳಿಸಿದರು. ಕೆಲವು ದಿನ ಆ ಹೆಂಗಸು ನಾಪತ್ತೆ. ಆಮೇಲೆ ಪುಟ್ಟಿ ತನ್ನ ಕಾಯಿಲೆಯ ಬಗ್ಗೆ ಏನೋ ಓದಿದಳು, ಗುಣವಾದವರು ಏನು ತಿನ್ನುತ್ತಾರೆ ಎಂದು ಹುಡುಕಿದಳು. ಊಟ, ತೂಕ ಎಂಬ ಮಾತು ಕಂಡದ್ದೇ ತಡ, ನಮ್ಮವರ ಕಂಪನಿಯ ಯಂತ್ರ ಮತ್ತೆ ಚೀಟಿ ಅಂಟಿಸಿತು. ವಾಸಿಯಾಗಲು ಓದಿದರೂ ಕಾಯಿಲೆಯೇ ಬೆನ್ನುಹತ್ತುತ್ತಿತ್ತು. ಆನೆಯ ಪಕ್ಕದಲ್ಲಿ ಮತ್ತೆ ಅದೇ ಪ್ಯಾಂಟು.

ಆಗ ನಮ್ಮವರು ಒಂದು ಉಪಾಯ ತಂದರು. ಅವರ ಆಫೀಸಿನಲ್ಲಿ ಒಂದು ಪಟ್ಟಿ ಇತ್ತಂತೆ. ನಮಗೆ ಇಂಥದ್ದನ್ನು ತೋರಿಸಬೇಡಿ ಎಂದು ಜಗಳವಾಡಿ ಬರೆದವರ ಪಟ್ಟಿ. ಅದರಲ್ಲಿದ್ದವರಿಗೆ ಆ ಜಾಹೀರಾತು ಎಲ್ಲಿಯೂ ಕಾಣುವುದಿಲ್ಲ. ಆದರೆ ಅದಕ್ಕೆ ಚೀಟಿ ಸಾಲದು, ಚೀಟಿ ಅಳಿಸಿಹೋಗುತ್ತದೆ. ಹೆಸರು, ಫೋನ್ ನಂಬರು, ಮೇಲ್ ವಿಳಾಸ ಕೊಡಬೇಕು. ಯಾಕೆ ಬೇಡ ಎಂಬ ಕಾರಣವನ್ನೂ ಬರೆಯಬೇಕು.

"ಚೆನ್ನಾಗಿದೆ," ಅಂದೆ. "ಕಳ್ಳನಿಗೆ, ನಮ್ಮ ಮನೆಗೆ ಮಾತ್ರ ಬರಬೇಡಪ್ಪಾ ಅಂತ ಮನೆ ವಿಳಾಸ ಬರ್ಕೊಡೋದಾ?"

"ಸುಮ್ನಿರಕ್ಕ," ಅಂದಳು ಪುಟ್ಟಿ. "ಭಾವ ಹೇಳ್ತಿದ್ದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ."

ಅವಳೇ ಕೂತು ಟೈಪು ಮಾಡಿದಳು. ಕಾರಣ ಎಂಬ ಜಾಗದಲ್ಲಿ ಸ್ವಲ್ಪ ಹೊತ್ತು ಬೆರಳು ನಿಂತಿತು. ಆಮೇಲೆ ಬರೆದಳು: ಊಟ ಬಿಡುವ ಕಾಯಿಲೆಯಿಂದ ಸುಧಾರಿಸಿಕೊಳ್ಳುತ್ತಿದ್ದೇನೆ, ದಯವಿಟ್ಟು ತೂಕ ಇಳಿಸುವುದನ್ನು ನನಗೆ ತೋರಿಸಬೇಡಿ. ತನ್ನ ಕಾಯಿಲೆಯನ್ನು ಅವಳು ಹೆಸರಿಟ್ಟು ಹೇಳಿದ್ದು ಅದೇ ಮೊದಲು. ನಮ್ಮ ಹತ್ತಿರವೂ ಹಾಗೆ ಹೇಳಿರಲಿಲ್ಲ.

ಸುಳ್ಳು ಹೇಳಬಾರದು, ಆ ಪಟ್ಟಿ ಕೆಲಸ ಮಾಡಿತು. ಪ್ಯಾಂಟಿನ ಹೆಂಗಸು ಮಾಯವಾದಳು. ಅವಳ ಜಾಗದಲ್ಲಿ ಕುರ್ಚಿ, ಛತ್ರಿ, ಪ್ರವಾಸದ ಚಿತ್ರಗಳು ಬಂದವು. ಪುಟ್ಟಿ ಮೊದಲು ಅರ್ಧ ತಟ್ಟೆ, ಆಮೇಲೆ ಮುಕ್ಕಾಲು ತಟ್ಟೆ ತಿಂದಳು. ಒಂದು ದಿನ ನಮ್ಮವರ ತಟ್ಟೆಯಿಂದ ಮೊಟ್ಟೆಯ ಚೂರು ಕದ್ದು ಬಾಯಿಗೆ ಹಾಕಿಕೊಂಡಳು. ನಾನು ನೋಡಿದರೂ ನೋಡದಂತೆ ಒಲೆಯ ಕಡೆ ತಿರುಗಿ ನಿಂತೆ, ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅವಳ ಬಟ್ಟೆಗಳ ಪಕ್ಕದ ಹೊಲಿಗೆಯನ್ನು ಅವಳಿಗೆ ತಿಳಿಯದ ಹಾಗೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬಂದೆ. ಬಟ್ಟೆ ಬಿಗಿಯಾಯಿತು ಎಂದು ಅವಳಿಗೆ ಒಂದು ದಿನವೂ ಅನ್ನಿಸಬಾರದು, ಅಷ್ಟೇ ನನ್ನ ಉದ್ದೇಶ. ಶಿಶುವಿಹಾರದವರು ಮತ್ತೆ ಕೆಲಸಕ್ಕೆ ಕರೆದರು. ಡಾಕ್ಟರಮ್ಮ, "ಪರವಾಗಿಲ್ಲ, ಹೀಗೇ ಮುಂದುವರೀಲಿ, ಆದ್ರೆ ಎಚ್ಚರ ತಪ್ಪಬೇಡಿ" ಎಂದರು. ಎಚ್ಚರ ತಪ್ಪುವುದೆಂದರೆ ಏನು ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಇದಾಗಿ ಕೆಲವು ತಿಂಗಳ ಮೇಲೆ ನಮ್ಮವರು ಜೋಲುಮುಖ ಹಾಕಿಕೊಂಡು ಬಂದರು. ಬ್ರೌಸರ್ ಮಾಡುವವರು ಆ ಮೂಲೆಯವನ ಚೀಟಿಯನ್ನು ಇನ್ನು ಒಳಗೇ ಬಿಡುವುದಿಲ್ಲವಂತೆ. ಅಂಗಡಿಯವನ ಚೀಟಿ ಇರಬಹುದು, ಮೂರನೆಯವನದ್ದು ಬೇಡ. ಒಂದು ಬ್ರೌಸರು ಆಗಲೇ ನಿಲ್ಲಿಸಿತ್ತು. ಈಗ ಹೆಚ್ಚು ಜನ ಬಳಸುವ ಬ್ರೌಸರೂ ನಿಲ್ಲಿಸುತ್ತದಂತೆ.

"ಅಬ್ಬಾ, ಪೀಡೆ ತೊಲಗಿತು!" ಎಂದು ನಾನು ಕೈ ತಟ್ಟಿದೆ.

"ಪೀಡೆ ಅಂತೀಯಲ್ಲ, ನಮ್ಮ ಆಫೀಸಲ್ಲಿ ಅರ್ಧ ಜನಕ್ಕೆ ಕೆಲಸ ಇರಲ್ಲ."

"ಮೂಲೇಲಿ ಕೂತು ಜನರ ಬೆನ್ನಿಗೆ ಚೀಟಿ ಅಂಟಿಸೋದೂ ಒಂದು ಕೆಲಸಾನಾ? ಮಾಡಿದ್ದುಣ್ಣೋ ಮಹಾರಾಯ."

ಹಾಗೆ ಅಂದುಬಿಟ್ಟೆ. ಅವರು ಊಟ ಮಾಡದೆ ಎದ್ದುಹೋದರು. ನಿಜವಾಗಿಯೂ ಅವರ ಆಫೀಸು ಸಾವಿನ ಮನೆಯಾಗಿತ್ತು. ಪಕ್ಕದ ಮೇಜಿನವನು ತನ್ನ ಲೋಟ, ಗಿಡದ ಕುಂಡ ಎತ್ತಿಕೊಂಡು ಹೋದ, ಎದುರು ಮೇಜಿನವಳು ಹೋದಳು. ಉಳಿದವರನ್ನು ಬಾಸ್ ಗಾಜಿನ ಕೋಣೆಗೆ ಕರೆದು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ. ಚೀಟಿ ಹೋದಮೇಲೆ ನಮಗೆ ಗುರುತಿರುವ ಜನ ಯಾರಿದ್ದಾರೆ? ತಾವಾಗಿಯೇ ಹೆಸರು, ನಂಬರು ಕೊಟ್ಟವರು ಯಾರಿದ್ದಾರೆ? ಕೋಟಿಗಟ್ಟಲೆ ಜನರ ಬೆನ್ನು ಬಲ್ಲವರಿಗೆ ಒಬ್ಬರ ಮುಖವೂ ಗೊತ್ತಿರಲಿಲ್ಲ. ಹಿಡಿಯಷ್ಟು ಜನ ಸಿಕ್ಕರು: ರಿಯಾಯಿತಿಗೆಂದು ನಂಬರು ಕೊಟ್ಟವರು, ಸ್ಪರ್ಧೆಗೆಂದು ಮೇಲ್ ಬರೆದವರು. ಅಂಥ ಪಟ್ಟಿಗಳನ್ನೆಲ್ಲ ಹುಡುಕಿ ತಂದು, ಹೆಸರು ನಂಬರು ಹಿಡಿದು ಜಾಹೀರಾತು ಕಳಿಸುವ ಹೊಸ ಯಂತ್ರಕ್ಕೆ ಸೇರಿಸುವ ಕೆಲಸ ನಮ್ಮವರ ಪಾಲಿಗೆ ಬಂತು. ಹಳೇ ಯಂತ್ರವನ್ನು ಮುಚ್ಚುವ ದಿನ ಮನೆಗೆ ಬರುವಾಗ ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ನಗು ಇತ್ತು.

"ನಮ್ಮ ಪುಟ್ಟಿ ಇರೋ ಪಟ್ಟಿ ಇತ್ತಲ್ಲ, ಅದನ್ನ ಎಲ್ಲರೂ ಮರೆತೇಬಿಟ್ಟಿದ್ರು ಕಣೇ. ಹಳೇದರ ಜೊತೆ ಅದೂ ಮಣ್ಣುಪಾಲಾಗ್ತಿತ್ತು. ನಾನೇ ನೆನಪಿಟ್ಕೊಂಡು ಹೊಸದಕ್ಕೆ ಹಾಕಿ ಬಂದೆ," ಅಂದರು.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹಿಂದೆ ಆಡಿದ್ದ ಮಾತಿಗೆಲ್ಲ ಸೇರಿಸಿ ಅವರಿಗೆ ಬಿಸಿ ಬಿಸಿ ಚಹಾ ಮಾಡಿಕೊಟ್ಟೆ. ಪುಟ್ಟಿ, "ಭಾವ ಇರೋವರೆಗೂ ನನಗೇನು ಭಯ" ಎಂದು ಅವರ ಲೋಟದಿಂದಲೇ ಒಂದು ಗುಟುಕು ಕುಡಿದಳು.

ಅದಾದ ಮೇಲೆ ನಾನು ಅವಳ ಕಂಪ್ಯೂಟರಿನ ಕಡೆ ನೋಡುವುದನ್ನೇ ಬಿಟ್ಟೆ. ಕುಕಿಯೇ ಹೋಯಿತಲ್ಲ, ಇನ್ನೇನು ನೋಡುವುದು? ಅಂಗಡಿಯಲ್ಲೂ ಕೆಲಸ ಹೆಚ್ಚಿತ್ತು, ಒಂದು ಶಾಲೆಯ ಸಮವಸ್ತ್ರಗಳೆಲ್ಲ ಒಟ್ಟಿಗೆ ಬಂದಿದ್ದವು. ಪುಟ್ಟಿ ಬೆಳಿಗ್ಗೆ ಬೇಗ ಹೊರಡತೊಡಗಿದಳು. "ಅಲ್ಲೇ ಮಕ್ಕಳ ಜೊತೆ ತಿಂತೀನಿ ಅಕ್ಕ." ಸಂಜೆ ಬಂದು, "ಅಲ್ಲೇ ತಿಂದೆ ಅಕ್ಕ." ಮೈಮೇಲೆ ಯಾವಾಗಲೂ ಒಂದು ದೊಗಳೆ ಸ್ವೆಟರು. "ಯಾಕೆ, ಚಳೀನಾ?" ಎಂದರೆ, "ಶಿಶುವಿಹಾರದಲ್ಲಿ ಕಿಟಕಿ ಸರಿ ಇಲ್ಲ." ಮಾತಿಗೆ ಮಾತು ಸಿದ್ಧವಾಗಿ ಇರುತ್ತಿತ್ತು. ಮಕ್ಕಳ ಹಾಡನ್ನು ಗುನುಗುವುದು ನಿಂತಿತ್ತು, ಅದೂ ನನ್ನ ಕಿವಿಗೆ ಬೀಳಲಿಲ್ಲ. ಮೆಷಿನ್ನಿನ ಸದ್ದಿನಲ್ಲಿ ಏನು ಕೇಳುತ್ತದೆ?

ಒಗೆದ ಬಟ್ಟೆ ಮಡಿಸುವಾಗ ಅವಳ ಲಂಗ ಕೈಗೆ ಬಂತು. ನಾನೇ ಸೊಂಟ ಬಿಡಿಸಿದ್ದ ಲಂಗ. ಒಳಗಡೆ ಸೊಂಟದ ಪಟ್ಟಿಯನ್ನು ಮಡಿಸಿ ಪಿನ್ನು ಚುಚ್ಚಿದ್ದಳು. ಒಂದಲ್ಲ, ಸಾಲಾಗಿ. ಯಾರ ಸೊಂಟ ಎಷ್ಟು ಹಿಡಿದಿದೆ ಎಂದು ಬಾಗಿಲಲ್ಲಿ ನೋಡಿಯೇ ಹೇಳುವ ಹೆಂಗಸು ನಾನು. ನನ್ನ ಮನೆಯ ಮಗು ನನ್ನ ಕಣ್ಣೆದುರೇ ಸ್ವೆಟರಿನೊಳಗೆ ಕರಗಿಹೋಗುತ್ತಿತ್ತು.

ಅವಳು ಬಂದ ಕೂಡಲೇ ಲಂಗ ಹಿಡಿದು ಕೇಳಿದೆ. ಕೂಗಬಾರದು ಎಂದುಕೊಂಡೇ ಕೂಗಿದೆ. ಅವಳು ನಕ್ಕು, "ಗುಂಡಿ ಬಿದ್ದಿತ್ತು ಅಕ್ಕ, ನಿನಗೆ ಯಾಕೆ ತೊಂದರೆ ಅಂತ" ಎಂದಳು. ಕೂರಿಸಿ ತಟ್ಟೆ ಇಟ್ಟೆ. ಅನ್ನವನ್ನು ಇತ್ತಿಂದ ಅತ್ತ, ಅತ್ತಿಂದ ಇತ್ತ ತಳ್ಳಿದಳು. ನಾನು ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದೆ. ಚಿಕ್ಕವಳಿದ್ದಾಗ ಹಟ ಮಾಡಿದರೆ ಹಾಗೆ ಹಿಡಿದರೆ ಬಾಯಿ ತೆರೆಯುತ್ತಿದ್ದಳು. ಈಗ ತುಟಿ ಬಿಗಿದು ತಲೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನನ್ನ ಮೇಲೆ ಕನಿಕರ ಇತ್ತು. ಅದನ್ನು ಕಂಡೇ ನನಗೆ ಹೆಚ್ಚು ಹೆದರಿಕೆಯಾಯಿತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಮರುದಿನ ಸಂಜೆಗೆ ಸಮಯ ತೆಗೆದುಕೊಂಡೆ.

ಸಂಜೆಯವರೆಗೆ ಕಾಯುವ ಭಾಗ್ಯ ಇರಲಿಲ್ಲ. ಮಕ್ಕಳಿಗೆ ಹಾಡು ಹೇಳಿಕೊಡುತ್ತ ನಿಂತಲ್ಲೇ ಕುಸಿದಳಂತೆ. ಟೀಚರ್ ಆಟ ಆಡುತ್ತಿದ್ದಾರೆ ಅಂದುಕೊಂಡು ಮಕ್ಕಳೂ ಅವಳ ಸುತ್ತ ಮಲಗಿದವಂತೆ. ಫೋನ್ ಬಂದಾಗ ನಾನು ಕತ್ತರಿ ಕೈಯಲ್ಲಿ ಹಿಡಿದೇ ರಸ್ತೆಗೆ ಓಡಿದ್ದೆ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದೊಯ್ದರು. ನರ್ಸೊಬ್ಬಳು ಅವಳ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು: ಸ್ವೆಟರು, ವಾಚು, ಫೋನು. ಬೆಂಚಿನ ಮೇಲೆ ಕೂತಿದ್ದಾಗ ಚೀಲದೊಳಗಿಂದ ಫೋನು ಗುರ್ ಎಂದಿತು. ಶಿಶುವಿಹಾರದವರಿರಬೇಕು ಎಂದು ತೆಗೆದು ನೋಡಿದೆ.

ಅವಳ ಪೂರ್ತಿ ಹೆಸರು ಹಿಡಿದು ಬರೆದಿತ್ತು. ನಿಮ್ಮ ತೂಕದ ಚಿಂತೆ ನಮಗೆ ಗೊತ್ತು. ಇನ್ನೂ ತಡವಾಗಿಲ್ಲ. ಇಂದೇ ಶುರುಮಾಡಿ.

ಹಿಂದಕ್ಕೆ ಹೋದೆ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಬೆರಳು ನೋಯುವವರೆಗೂ ಸರಿಸಿದೆ, ಅವೇ ಮಾತುಗಳು, ಪ್ರತಿಯೊಂದರಲ್ಲೂ ಅವಳ ಹೆಸರು. ಮೇಲ್ ತೆರೆದರೆ ಅಲ್ಲಿಯೂ ಇದ್ದವು. ಒಂದರಲ್ಲಿ ಆ ಪ್ಯಾಂಟಿನ ಹೆಂಗಸು, ಅದೇ ಡೊಂಕು ಹೊಲಿಗೆ.

ನಮ್ಮವರು ಓಡಿ ಬಂದರು. ಫೋನನ್ನು ಅವರ ಮುಖದೆದುರು ಹಿಡಿದೆ. ಅವರು ಓದಿದರು, ಮೊಟ್ಟಮೊದಲು ಬಂದದ್ದರ ದಿನಾಂಕ ಹುಡುಕಿದರು. ಹಳೇ ಯಂತ್ರ ಮುಚ್ಚಿದ ಮರುದಿನ. "ಈಗ ಬಂದೆ" ಎಂದು ಆಫೀಸಿಗೆ ಹೋದರು. ತಿರುಗಿ ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು.

"ಹಳೇ ಯಂತ್ರಕ್ಕೆ ಆ ಪಟ್ಟಿ ಬೇಡ ಅಂದವರದ್ದು ಅಂತ ಗೊತ್ತಿತ್ತು. ನಾವೇನೂ ಹೇಳಬೇಕಾಗಿರಲಿಲ್ಲ. ಹೊಸದರಲ್ಲಿ ಹಾಗಲ್ಲ. ಪ್ರತಿ ಪಟ್ಟಿ ಹಾಕುವಾಗಲೂ ಇದು ತೋರಿಸೋಕೋ, ತೋರಿಸದೇ ಇರೋಕೋ ಅಂತ ನಾವೇ ಹೇಳಬೇಕು. ಹೇಳದೇ ಇದ್ರೆ ತೋರಿಸೋಕೆ ಅಂತ ಅದು ತಗೊಳ್ಳುತ್ತೆ. ನಾನು ಅವತ್ತು ಎಲ್ಲಾ ಪಟ್ಟೀನೂ ಒಟ್ಟಿಗೆ ಹಾಕಿದೆ." ಮುಖ ಒರೆಸಿಕೊಂಡು ಮತ್ತೆ ಹೇಳಿದರು. "ಅವಳು ಬರೆದ ಕಾರಣ ಇತ್ತಲ್ಲ. ಅದರಲ್ಲಿ ತೂಕ ಅನ್ನೋ ಮಾತಿತ್ತು. ಯಂತ್ರ ಅದನ್ನ ಇವಳಿಗೆ ಇದರಲ್ಲಿ ಆಸಕ್ತಿ ಅಂತ ಓದ್ಕೊಂಡಿದೆ."

"ಬೇಲಿನೇ ಎದ್ದು ಹೊಲ ಮೇಯ್ತಲ್ರೀ," ಅಂದೆ. ಅದಕ್ಕಿಂತ ದೊಡ್ಡ ಮಾತುಗಳನ್ನೂ ಅಂದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಬೆನ್ನು ನೋಡಿ ಹಿಂಬಾಲಿಸುತ್ತಿದ್ದವರಿಗೆ ಬೆನ್ನು ಕಾಣದಂತಾದಾಗ, ಅವರ ಕೈಯಲ್ಲಿ ಉಳಿದದ್ದು, ದಯವಿಟ್ಟು ನನ್ನ ಹಿಂದೆ ಬರಬೇಡಿ ಎಂದು ಬೇಡಿಕೊಂಡವರ ಹೆಸರು ಮತ್ತು ವಿಳಾಸ. ಅದನ್ನು ನೆನಪಿಟ್ಟು ಜೋಪಾನವಾಗಿ ಒಯ್ದು ಕೊಟ್ಟವರು ನನ್ನ ಗಂಡ. ಅವರೂ ಪುಟ್ಟಿಯ ಮೇಲಿನ ಪ್ರೀತಿಗೇ ಮಾಡಿದ್ದು. ಅದು ಗೊತ್ತಿದ್ದರೂ ನನ್ನ ಹೊಟ್ಟೆಯ ಉರಿ ಆರಲಿಲ್ಲ, ಇವತ್ತಿಗೂ ಆರಿಲ್ಲ.

ಡಾಕ್ಟರಮ್ಮ ಹೊರಗೆ ಬಂದು, ಎಚ್ಚರ ಬಂದಿದೆ ಎಂದರು. "ಮೂಗಿನ ನಳಿಯಲ್ಲಿ ಆಹಾರ ಕೊಡ್ತಿದ್ದೀವಿ, ಆದ್ರೆ ಕಿತ್ತು ಹಾಕೋಕೆ ನೋಡ್ತಾಳೆ. ಅವಳೇ ಮನಸ್ಸು ಮಾಡಬೇಕು. ಹೃದಯ ಎಷ್ಟು ದಿನ ಕಾಯುತ್ತೆ ಅಂತ ಹೇಳೋಕಾಗಲ್ಲ. ಯಾಕೆ ಮತ್ತೆ ಶುರುವಾಯ್ತು ಅಂತ ಗೊತ್ತಾ ನಿಮಗೆ?"

"ಗೊತ್ತು," ಅಂದೆ. ಆ ಕ್ಷಣದಲ್ಲಿ ನನಗೆ ಆಸೆ ಹುಟ್ಟಿತು ಎಂದರೆ ನೀವು ನಂಬಬೇಕು. ಕಾರಣ ಗೊತ್ತಾಯಿತಲ್ಲ. ಇದು ಬರೀ ಒಂದು ತಪ್ಪು, ಯಂತ್ರದಲ್ಲಿ ಆದ ಎಡವಟ್ಟು ಎಂದು ತಿಳಿಸಿಬಿಟ್ಟರೆ ಪುಟ್ಟಿಯ ತಲೆಯಲ್ಲಿ ಕೂತದ್ದು ಇಳಿದುಹೋಗುತ್ತದೆ. ನಮ್ಮವರ ಕೈ ಹಿಡಿದು ಎಳೆದುಕೊಂಡೇ ಒಳಗೆ ಹೋದೆ.

ಹಾಸಿಗೆಯಲ್ಲಿ ಅವಳು ಎಲ್ಲಿದ್ದಾಳೆ ಎಂದು ಹುಡುಕಬೇಕಿತ್ತು, ಅಷ್ಟು ಸಣ್ಣಗಾಗಿದ್ದಳು. ನಮ್ಮವರು ಅವಳ ಕಾಲಿನ ಹತ್ತಿರ ನಿಂತರು.

"ಪುಟ್ಟೀ, ನಿನ್ನ ಫೋನಿಗೆ ಬಂದಿದ್ದೆಲ್ಲ ನೋಡ್ದೆ. ಯಾಕಮ್ಮ ನನಗೆ ಹೇಳಲಿಲ್ಲ?"

"ಏನಂತ ಹೇಳೋದು ಭಾವ?" ಅವಳ ದನಿ ಕೇಳಲು ಬಗ್ಗಬೇಕಾಗಿತ್ತು. "ಮೊದಲು ಬರ್ತಿದ್ದಾಗ ಅದು ಎಲ್ಲರಿಗೂ ಬರುತ್ತೆ, ನಾನು ಯಾರು ಅಂತ ಅವರಿಗೇನು ಗೊತ್ತು ಅನ್ಕೊಳ್ತಿದ್ದೆ. ಈ ಸಲ ನನ್ನ ಹೆಸರು ಹಿಡಿದೇ ಬಂತು. ನಾನೇ ಕೊಟ್ಟ ನಂಬರಿಗೆ. ನನಗೆ ಏನಾಗಿತ್ತು ಅಂತ ಅವರಿಗೆ ನಾನೇ ಬರೆದಿದ್ದೆನಲ್ಲ. ಗೊತ್ತಿದ್ದೂ ಇಳಿಸ್ಕೋ ಅಂತಾರೆ ಅಂದ್ರೆ, ನಾನು ಎಷ್ಟು ಮಿತಿ ಮೀರಿ ಊದಿರಬೇಕು, ನೀವೇ ಹೇಳಿ."

"ಅಲ್ಲಮ್ಮಾ! ಯಾರೂ ನಿನ್ನ ನೋಡೇ ಇಲ್ಲ. ತಪ್ಪು ನನ್ನದು. ಪಟ್ಟಿ ಹಾಕುವಾಗ ನಾನು ತಪ್ಪು ಮಾಡ್ದೆ. ಅದೊಂದು ಯಂತ್ರ ಕಣಮ್ಮ, ಅದಕ್ಕೆ ಕಣ್ಣಿಲ್ಲ, ಬುದ್ಧಿ ಇಲ್ಲ. ನಾನು ಅದಕ್ಕೆ ಒಂದು ಮಾತು ಹೇಳಿದ್ದಿದ್ರೆ ನಿನಗೆ ಒಂದೂ ಬರ್ತಿರಲಿಲ್ಲ." ಅವರು ಅಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. "ನನ್ನಾಣೆ. ನನ್ನ ತಪ್ಪು."

ಪುಟ್ಟಿ ಅವರನ್ನೇ ನೋಡಿದಳು. ಆಮೇಲೆ ನಕ್ಕಳು. ಶಿಶುವಿಹಾರದ ಮಕ್ಕಳು ತಪ್ಪು ಲೆಕ್ಕ ತಂದು ತೋರಿಸಿದಾಗ ನಗುವ ಹಾಗೆ ನಕ್ಕಳು.

"ಎಷ್ಟು ಒಳ್ಳೇವ್ರು ಭಾವ ನೀವು. ನಾನು ತಿನ್ನಲಿ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ."

"ಇಲ್ಲ ಕಣೇ, ನಿಜಾನೇ ಹೇಳ್ತಿದ್ದಾರೆ!" ಎಂದು ನಾನು ಕಿರುಚಿದೆ.

"ಅಕ್ಕ, ನೀನು ಕನ್ನಡಿ ಬಚ್ಚಿಟ್ಟೆ. ನನಗೆ ಗೊತ್ತಾಗಬಾರದು ಅಂತ ನನ್ನ ಬಟ್ಟೆ ಬಿಡಿಸಿದೆ. ಗೊತ್ತಿತ್ತು ನನಗೆ. ಮನೆಗೆ ಬರೋರಿಗೆಲ್ಲ ಬೆರಳು ತೋರಿಸಿ ಬಾಯಿ ಮುಚ್ಚಿಸ್ತಿದ್ದೆ. ನೀವೆಲ್ಲ ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತೀರಿ." ಉಸಿರು ಸಾಲದೆ ನಿಂತಳು. "ಆ ಯಂತ್ರಕ್ಕೆ ನನ್ನ ಮೇಲೆ ಪ್ರೀತಿ ಇಲ್ಲ ಅಕ್ಕ. ಅದು ಯಾಕೆ ಸುಳ್ಳು ಹೇಳುತ್ತೆ?"

ನಮ್ಮವರು ಆಫೀಸಿನ ಪಟ್ಟಿಯನ್ನು ಫೋನಿನಲ್ಲಿ ತೆರೆದು ಅವಳಿಗೆ ತೋರಿಸಹೋದರು. ಅವಳು ಕಣ್ಣು ಮುಚ್ಚಿಕೊಂಡಳು. ಮರುದಿನವೂ ಹೇಳಿದೆವು, ಅದರ ಮರುದಿನವೂ ಹೇಳಿದೆವು. ಡಾಕ್ಟರಮ್ಮನೂ ಹೇಳಿದರು. ಹೇಳಿದಷ್ಟೂ ಅವಳು ನಮ್ಮನ್ನು ಇನ್ನಷ್ಟು ಕನಿಕರದಿಂದ ನೋಡಿದಳು. ವಾರ ತುಂಬುವ ಮೊದಲೇ, ಬೆಳಗಿನ ಹೊತ್ತು, ನಾನು ಅವಳ ಕೂದಲು ಬಾಚುತ್ತಿದ್ದಾಗ ಅವಳ ಹೃದಯ ನಿಂತಿತು.

ಕಂಪನಿಯವರು ಹೂವಿನ ಬುಟ್ಟಿ ಕಳಿಸಿದ್ದರು. ಬುಟ್ಟಿಯನ್ನು ಹಾಗೇ ಬೀದಿಯ ಕಸದ ಡಬ್ಬಕ್ಕೆ ಹಾಕಿ ಬಂದೆ. ನಮ್ಮವರು ಆ ಕೆಲಸ ಬಿಟ್ಟರು. ಬಿಡುವ ಮೊದಲು ಪಟ್ಟಿಯನ್ನು ಸರಿಮಾಡಿ ಬಂದರಂತೆ. ಅದರಲ್ಲಿ ಇನ್ನೂ ಎಷ್ಟೋ ಹೆಸರುಗಳಿದ್ದವು. ಕುಡಿತ ಬಿಟ್ಟವರು, ಮಗು ಕಳೆದುಕೊಂಡವರು, ಜೂಜು ಬಿಟ್ಟವರು. ಅವರಿಗೆಲ್ಲ ತಿಳಿಸಿದಿರಾ ಎಂದು ಕೇಳಿದೆ. ಬಾಸ್ ಒಪ್ಪಲಿಲ್ಲ ಅಂದರು. ನಮಗೆ ಏನೂ ಕಳಿಸಬೇಡಿ ಎಂದು ಬರೆದುಕೊಟ್ಟವರಿಗೆ ಪತ್ರ ಕಳಿಸುವುದು ನಿಯಮಕ್ಕೆ ವಿರುದ್ಧವಂತೆ.

ಈಗ ಅವರು ಹಗಲೆಲ್ಲ ಅಂಗಡಿಯಲ್ಲಿ ನನ್ನ ಎದುರು ಸ್ಟೂಲಿನ ಮೇಲೆ ಕೂತಿರುತ್ತಾರೆ. ಬಿಚ್ಚಿದ ಹೊಲಿಗೆಯ ನೂಲುಗಳನ್ನು ಆರಿಸುತ್ತಾರೆ, ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಾರೆ. ಮೊನ್ನೆ ನಾನು ಒಂದು ಅಂಚು ಮಡಿಸುತ್ತಿದ್ದಾಗ ತಲೆ ಎತ್ತದೆಯೇ ಕೇಳಿದರು.

"ನೀನಾದ್ರೂ ನಂಬ್ತೀಯೇನೇ? ಬೇಕು ಅಂತ ಮಾಡಿದ್ದಲ್ಲ, ಅದು ತಪ್ಪಿ ಆಗಿದ್ದು ಅಂತ?"

ನಾನು ಮೆಷಿನ್ ನಿಲ್ಲಿಸಿದೆ. "ನಂಬ್ತೀನಿ ರೀ," ಅಂದೆ. "ನಾನು ನಂಬಿ ಏನಾಗಬೇಕು? ನಂಬಬೇಕಾಗಿದ್ದವಳು ನಂಬಲಿಲ್ಲ."